ಸೋಲಾರ್ ಪ್ಲೇಟಿಗೆ ಕಟ್ಟಿದ ಲಿಂಬೆಹಣ್ಣು

ಯುವಜನರನ್ನು ಸೌರಶಕ್ತಿಯತ್ತ ಸೆಳೆಯಬೇಕೆಂದು ಮೇಲಿನಿಂದ ಪತ್ರ ಬಂದಾಗ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಇಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸೂರ್ಯ ನನ್ನ ವಿಭಾಗಕ್ಕೆ ಸೇರಿದವನೆಂದು ಉಳಿದ ಅಧ್ಯಾಪಕರೆಲ್ಲ ಒಮ್ಮತದಿಂದ ಒಪ್ಪಿಕೊಂಡರು. ಮೊದಲು ಇಂಡಿ, ಆಮೇಲೆ ಸಿಂದಗಿ, ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ, ಹೀಗೆ ನಾಲ್ಕು ಕಡೆ ಸಭೆ ನಡೆಸಿದೆವು. ಯುವಜನರು ನಿಜಕ್ಕೂ ತೊಡಗಿಕೊಂಡರು: ಶಾಮಿಯಾನ ಕಟ್ಟಿದರು, ಕುರ್ಚಿ ಹೊತ್ತರು, ಪ್ರಾರ್ಥನೆ ಹಾಡಿದರು, ಶಾಲುಗಳ ತಟ್ಟೆ ಹಿಡಿದು ವೇದಿಕೆಯ ಅಂಚಿನಲ್ಲಿ ನಿಂತರು. ವೇದಿಕೆಯ ಮೇಲೆ ತಲೆ ನರೆಯದವಳು ನಾನೊಬ್ಬಳೇ. ನನ್ನದಾದರೂ ಬಣ್ಣದ ಕೃಪೆ.

ಮುದ್ದೇಬಿಹಾಳದಲ್ಲಿ ನನ್ನ ಭಾಷಣಕ್ಕೆ ಬಹಳ ಹೊತ್ತು ಚಪ್ಪಾಳೆ ಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ದಿನದ ಡೈರಿ ತೆಗೆದರೆ, "ಮಾತು ಮುಗಿಯುವ ಮೊದಲೇ ಉಪ್ಪಿಟ್ಟು ಬಂತು" ಎಂದಿದೆ. ಚಪ್ಪಾಳೆ ಯಾವುದಕ್ಕೆ ಬಿತ್ತೋ. ನೆನಪನ್ನು ನಂಬಲಾಗದೆಂದೇ ನಾನು ಡೈರಿ ಬರೆಯುವುದು. ಡೈರಿಯನ್ನೂ ಪೂರ್ತಿ ನಂಬಬಾರದೆಂದು ಗೊತ್ತಾದದ್ದು ಮುಂದೆ ಹೇಳುವ ಸಂಗತಿಯಿಂದ.

ಇಷ್ಟೆಲ್ಲ ಸಭೆಗಳ ನಡುವೆ, ಬಾಗೇವಾಡಿಯ ಸಭೆಗೆ ಮೊದಲೇ, ಒಂದು ಗಟ್ಟಿ ಕೆಲಸವಾಯಿತು. ಅಗರಖೇಡದ ಹಾದಿಯಲ್ಲಿರುವ ಒಂದು ಸಣ್ಣ ಊರಿನ ಕುಡಿಯುವ ನೀರಿನ ಕೊಳವೆಬಾವಿಗೆ ಸೋಲಾರ್ ಪಂಪು ಕೂತಿತು. ಅದೇ ಊರಿನ ನನ್ನ ವಿದ್ಯಾರ್ಥಿನಿಯೊಬ್ಬಳು ತರಬೇತಿ ಮುಗಿಸಿ ಬಂದಿದ್ದಳು. ಪ್ಲೇಟುಗಳ ಸುತ್ತಲಿನ ತಂತಿಬೇಲಿಯ ಕೀಲಿ ಅವಳ ಕೈಗೆ ಬಂತು. ಅದಕ್ಕೂ ಮೊದಲು ಊರಿನ ನೀರಿನ ಮೋಟರು ಒಬ್ಬ ನಿವೃತ್ತ ಲೈನ್‌ಮನ್ನರ ಸುಪರ್ದಿಯಲ್ಲಿತ್ತು. ಊರಿಗೆಲ್ಲ ಅವರು ಕಾಕಾ, ನೀರಿನ ಸಮಿತಿಗೆ ಹಿರಿಯರು. ಸ್ವಿಚ್ಚು ಒತ್ತುವ ಬೆರಳಿಗೆ ಊರು ಎಷ್ಟು ಮರ್ಯಾದೆ ಕೊಡುತ್ತದೆಂಬುದು ಅವರಿಗೆ ಗೊತ್ತಿತ್ತು. ಹತ್ತೊಂಬತ್ತರ ಹುಡುಗಿಯ ಕೊರಳಲ್ಲಿ ಕೀಲಿ ಜೋತಾಡುವುದನ್ನು ಅವರು ಮೊದಲ ದಿನದಿಂದಲೇ ತಾತ್ಕಾಲಿಕ ವ್ಯವಸ್ಥೆ ಎಂದು ತಿಳಿದಿದ್ದರು.

ಎರಡು ತಿಂಗಳಾದ ಮೇಲೆ ಅವಳ ಫೋನು ಬಂತು.

"ಮೇಡಂ, ನೀರು ಕಡಿಮಿ ಆಗೇತ್ರಿ. ಸೋಮವಾರ ಸಮಿತಿ ಕೂಡ್ತೈತಿ, ಕೀಲಿ ಹೊಳ್ಳಿ ಕೇಳಾಕತ್ತಾರ. ನೀವ ಬರಬೇಕ್ರಿ."

"ಪಂಪು ಕೆಟ್ಟಿದೆಯಾ?"

"ಕೆಟ್ಟಿಲ್ರಿ. ಬರ್ರಿ, ನೋಡೀರಂತ."

ನನ್ನ ಜ್ಞಾನದ ಅಗತ್ಯ ಬಿದ್ದಿದೆ ಎಂದು ಹೆಮ್ಮೆಯಿಂದಲೇ ಹೋದೆ. ಮೀಟರು, ಸ್ಕ್ರೂಡ್ರೈವರು ಚೀಲದಲ್ಲಿದ್ದವು. ಬಿಸಿಲು ಚುರುಗುಟ್ಟುತ್ತಿತ್ತು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಆದರೂ ನಳದಲ್ಲಿ ನೀರು ಕಿರುಬೆರಳ ಗಾತ್ರ ಬೀಳುತ್ತಿತ್ತು. ಬೇವಿನ ಮರದ ಕೆಳಗೆ ಸಮಿತಿ ಕೂತಿತ್ತು.

"ಬರ್ರಿ ಮೇಡಮ್ಮಾರ," ಎಂದರು ಕಾಕಾ. "ನಿಮ್ಮ ಸೂರ್ಯಾ ಸೂಟಿ ಹಾಕ್ಯಾನೇನ್ರಿ?"

ಸಾಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದ ಮುದುಕಿಯೊಬ್ಬಳು, "ಈ ಕೊಡಾ ತುಂಬೂದ್ರಾಗ ಮನಿಗಿ ಹೋಗಿ ನಾಕು ರೊಟ್ಟಿ ಬಡದು ಬರ್ತೇನಿ," ಎಂದಳು.

"ನನ್ನ ಕೈಯಾಗಿದ್ದಾಗ ಕರೆಂಟ್ ಬಂತಂದ್ರ ನೀರು ಧೋ ಅಂತಿತ್ತು," ಎಂದರು ಕಾಕಾ.

"ಬಂತಂದ್ರ," ಎಂದಳು ಮುದುಕಿ. "ನಿನ್ನ ಕರೆಂಟಿನ ಹಾದಿ ಕಾಯ್ದು ಕಾಯ್ದು ನನ್ನ ಕಣ್ಣು ಹೋದುವು, ಮಾರಾಯಾ."

ಹುಡುಗಿ ಗೇಟು ತೆರೆದಳು. ಮೀಟರನ್ನು ಚೀಲದಿಂದ ತೆಗೆಯುವ ಕೆಲಸವೇ ಬೀಳಲಿಲ್ಲ.

ಅಮಾವಾಸ್ಯೆಗೊಮ್ಮೆ ಟ್ರ್ಯಾಕ್ಟರಿಗೆ, ಹಿಟ್ಟಿನ ಗಿರಣಿಗೆ ಪೂಜೆ ಮಾಡಿ, ಕೆಟ್ಟ ಕಣ್ಣಿನ ನದರು ತಾಗದಿರಲೆಂದು ಲಿಂಬೆಹಣ್ಣು ಕಟ್ಟುವುದು ನಮ್ಮಲ್ಲಿ ರೂಢಿ. ಬೇರೆ ಸೀಮೆಯಲ್ಲಾದರೆ ಒಂದು ಹಣ್ಣು, ನಾಲ್ಕು ಮೆಣಸಿನಕಾಯಿಗೆ ಮುಗಿಯುತ್ತಿತ್ತು. ಇಂಡಿ ಸೀಮೆಯಲ್ಲಿ ಲಿಂಬೆಯೇ ಬೆಳೆ; ಮನೆಗೊಂದು ಸರ ಬಂದಿತ್ತು. ಪ್ಲೇಟುಗಳ ಮುಖದ ಮೇಲೆ ಈ ತುದಿಯಿಂದ ಆ ತುದಿಗೆ ತೋರಣ ಜೋತುಬಿದ್ದಿತ್ತು. ಹಳೆಯ ಹಣ್ಣು ಒಣಗಿ ಕಪ್ಪಾಗಿದ್ದವು, ಹೊಸವು ಹಳದಿಯಾಗಿ ಹೊಳೆಯುತ್ತಿದ್ದವು. ಸಾಲದ್ದಕ್ಕೆ ಪ್ಲೇಟಿಗೆ ಮೂರು ಬೆರಳಿನ ವಿಭೂತಿ, ದಪ್ಪಗೆ. ಸಾಲಾಗಿ ಜೋಡಿಸಿದ ಪ್ಲೇಟುಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಉಳಿದವು ಸೊರಗುತ್ತವೆ. ಇದನ್ನು ನಾನು ಪ್ರತಿವರ್ಷ ಕಲಿಸುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ ಕೂಡ.

"ಇಷ್ಟು ಗೊತ್ತಿದ್ದೂ ಬಿಚ್ಚಲಿಲ್ಲವಾ?" ಎಂದು ಅವಳನ್ನು ಮೆಲ್ಲಗೆ ಗದರಿದೆ.

"ಬಿಚ್ಚಾಕ ಹೋಗಿದ್ನಿರಿ. 'ನಿಮ್ಮ ಮೇಡಮ್ಮಾರ ಕೈಲೆ ಕಟ್ಟಿದ್ದು, ಬಿಚ್ಚಾಕಿ ನೀ ಯಾರ' ಅಂದ್ರು ಕಾಕಾ."

ನಾನು ಕಟ್ಟಿದ್ದೆನೆ? ನನ್ನ ನೆನಪಿನಲ್ಲಿ, ಪಂಪಿನ ಉದ್ಘಾಟನೆಯ ದಿನ ನಾನು ಲಿಂಬೆಹಣ್ಣು ಬೇಡವೆಂದಿದ್ದೆ; ವೈಜ್ಞಾನಿಕ ಮನೋಭಾವದ ಬಗ್ಗೆ ನಾಲ್ಕು ಮಾತು ಹೇಳಿದ್ದೆ. ಬಾಗೇವಾಡಿಯ ಸಭೆಯಲ್ಲಿ ಅದನ್ನೇ ಉದಾಹರಣೆಯಾಗಿ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೆ. ಅಷ್ಟರಲ್ಲಿ ಕಾಕಾ ತಮ್ಮ ಮೊಬೈಲು ಹಿಡಿದುಕೊಂಡು ಬಂದರು. "ಫೋಟೋ ಐತ್ರಿ." ಇತ್ತು. ಸ್ಟೂಲಿನ ಮೇಲೆ ನಾನು, ಹೆಗಲ ಮೇಲೆ ಶಾಲು, ಕೈಯಲ್ಲಿ ಲಿಂಬೆಹಣ್ಣಿನ ಮೊದಲ ಸರ, ಮುಖದ ತುಂಬ ನಗು. ಆಮೇಲೆ ಮನೆಗೆ ಬಂದು ಉದ್ಘಾಟನೆಯ ದಿನದ ಡೈರಿ ನೋಡಿದೆ: "ಹುಗ್ಗಿಗೆ ತುಪ್ಪ ಕಡಿಮೆ." ಅಷ್ಟೇ.

ಅಲ್ಲಿ ಬೇಲಿಯ ಬಳಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ತಪ್ಪು ಒಪ್ಪಿಕೊಳ್ಳಲು ಒಂದೇ ವಾಕ್ಯ ಸಾಕಿತ್ತು. ನಾನು ಆಡಿದ್ದು ಬೇರೆ: "ಇದಕ್ಕೆ ಕೆಲವು ತಾಂತ್ರಿಕ ಕಾರಣಗಳಿರುತ್ತವೆ..."

"ಕೇಳಿದ್ರೇನ್ರಪಾ!" ಕಾಕಾ ಸಮಿತಿಯತ್ತ ತಿರುಗಿದರು. "ತಾಂತ್ರಿಕ ಅಂತ. ಹುಡುಗ್ಯಾರ ಕೈಲೆ ಆಗೂ ಮಾತಲ್ಲ ಇದು. ಕೀಲಿ ಕೊಡ ತಂಗಿ, ನಾಳಿಂದ ಹಳೀ ಮೋಟರ್ ಹಚ್ಚೂಣು." ಅವರ ಕೈ ಚಾಚಿಯೇ ಇತ್ತು.

ಹುಡುಗಿ ಕೊರಳಿನ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಕೊಡ್ತೇನಿ ಕಾಕಾ. ಕಟ್ಟಿದವರ ಕೈಲೆ ಒಮ್ಮೆ ಬಿಚ್ಚಸೂಣು. ಕಟ್ಟಿದವರ ಬಿಚ್ಚಿದ್ರ ದೋಷ ಇಲ್ಲಲ್ಲಾ? ಆಗೂ ನೀರು ಬರಲಿಲ್ಲಂದ್ರ ಕೀಲಿ ನಿಮ್ದ."

ಕಟ್ಟಿದವರೇ ಬಿಚ್ಚಬೇಕೆಂಬುದು ಕಾಕಾ ಅವರೇ ಹೇಳಿಕೊಟ್ಟ ಮಾತು. ಅವಳು ನನ್ನನ್ನು ಕರೆಸಿದ್ದು ಭೌತಶಾಸ್ತ್ರಕ್ಕಲ್ಲ ಎಂದು ನನಗೆ ಹೊಳೆದದ್ದು ಆಗ. ಅದೇ ಸ್ಟೂಲು ಬಂತು. ಹತ್ತಿದೆ. ಮೊದಲ ಗಂಟು ನನ್ನದೇ ಇರಬೇಕು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಒಂದೊಂದೇ ಸರವನ್ನು ಅವಳ ಕೈಗೆ ಕೊಟ್ಟೆ.

"ಇವನ್ನ ಒಗ್ಯಾಂಗಿಲ್ಲ, ಕಾಕಾ. ಗೇಟಿಗಿ ಕಟ್ತೇನಿ," ಎಂದಳು. "ನದರು ಬರೂದು ಹಾದಿ ಕಡಿಂದ ಅಲ್ಲೇನು? ಮ್ಯಾಲಿಂದ ಬರೂದು ಬಿಸಲಷ್ಟ."

ಅವಳು ಒದ್ದೆ ಬಟ್ಟೆಯಿಂದ ಮೊದಲ ಸಾಲಿನ ವಿಭೂತಿ ಒರೆಸುವಷ್ಟರಲ್ಲೇ ನಳ ಕೆಮ್ಮಿತು. ಆಮೇಲೆ ನೀರು ಕೊಡದ ಬಾಯಿ ಮೀರಿ ಮುದುಕಿಯ ಸೀರೆಗೆ ಸಿಡಿಯಿತು. "ಸಾಕು, ಸಾಕು, ಜಳಕಾ ಆತ ನಂದು!" ಎಂದು ಅವಳು ಕೂಗಿದಳು. ಕಾಕಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅದರಿಂದಲೇ ಮೀಸೆ ತಿದ್ದಿದರು. "ಇರ್ಲಿ. ಕೀಲಿ ಅಕಿ ಕೊಳ್ಳಾಗ ಚಂದ ಕಾಣ್ತೈತಿ," ಎಂದರು.

ಸ್ಟೂಲಿನ ಮೇಲೆ ನಿಂತೇ ನಾನು "ತಪ್ಪು ನನ್ನದು" ಎಂದು ಎಲ್ಲರೆದುರು ಹೇಳಿದೆನೆಂದು ಆ ದಿನದ ಡೈರಿಯಲ್ಲಿ ಬರೆದಿದ್ದೇನೆ. ಮೊನ್ನೆ ಕಾಲೇಜಿನಲ್ಲಿ ಹುಡುಗಿ ಸಿಕ್ಕಾಗ ಖಾತ್ರಿಗೆಂದು ಕೇಳಿದೆ.

"ನೀವೇನೂ ಅನ್ನಲಿಲ್ರಿ ಮೇಡಂ," ಎಂದಳು, ಬೇಸರವಿಲ್ಲದೆ. "ಬಿಚ್ಚಿದ್ರಿ. ಅಷ್ಟ ಬೇಕಾಗಿತ್ತು."

ಹಾಗಾದರೆ ಅಲ್ಲಿ ಆಡಿದ ಮಾತು ಅಂತ ಖಚಿತವಾಗಿ ಉಳಿದಿರುವುದು ಅವಳದೇ ಒಂದು. ಆ ದಿನ ಗಂಟುಗಳನ್ನೆಲ್ಲ ಬಿಚ್ಚಿ ಮುಗಿದರೂ ನಾನು ಸ್ಟೂಲಿನಿಂದ ಇಳಿದಿರಲಿಲ್ಲ. ಏನೋ ಸಮಾರೋಪದ ಮಾತು ಹುಡುಕುತ್ತಿದ್ದೆನೆಂದು ಕಾಣುತ್ತದೆ. ಬಟ್ಟೆ ಹಿಂಡುತ್ತ ಅವಳು ತಲೆಯೆತ್ತಿ ನೋಡಿದಳು.

"ಮೇಡಂ, ಜರಾ ಸರೀರಿ. ನಿಮ್ಮ ನೆಳ್ಳು ಪ್ಲೇಟಿನ ಮ್ಯಾಲ ಬೀಳಾಕತ್ತೈತಿ."