ಪದದ ಓಟದಲ್ಲಿ ಉಳಿದುಹೋದ ಹುಡುಗಿ

ಕೋಪ ನನಗೆ ಮೂಗಿನ ತುದಿಯಲ್ಲೇ. ಎಂಟನೇ ತರಗತಿಗೆ ಇಂಗ್ಲಿಷ್ ಪದ ಕಲಿಸುವಾಗಲಂತೂ ಅದು ಅಲ್ಲಿಂದ ಇಳಿಯುತ್ತಲೇ ಇರಲಿಲ್ಲ. ಚಿಂತಾಮಣಿಯಲ್ಲಿ ಕೆಂಚಾರ್ಲಹಳ್ಳಿ ಕಡೆಯ ಬಸ್ಸು ಹತ್ತಿ, ನಡುವೆ ಇಳಿದು, ಒಂದು ಹಳ್ಳಿಯ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಮೇಲೆ ನನ್ನ ಇಂಗ್ಲಿಷ್. ಆ ಮಕ್ಕಳು ತಾನೇ ಎಷ್ಟು ಹೊತ್ತಾರು? ಈಗ ಹಾಗನ್ನಿಸುತ್ತದೆ. ಆಗ ಬೈಯುತ್ತಿದ್ದೆ.

ಬೈದು ಬೈದು ನನಗೇ ಸಾಕಾದ ಮೇಲೆ ಒಂದು ಆಟ ಶುರು ಮಾಡಿದೆ. ಪದದ ಓಟ. ತರಗತಿಯಲ್ಲಿ ಎರಡು ಪಂಗಡ. ನಾನು ಕನ್ನಡದಲ್ಲಿ ಒಂದು ಪದ ಕೂಗುವುದು, ಪಂಗಡಕ್ಕೊಬ್ಬರಂತೆ ಓಡಿಬಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು. ಮೊದಲು ಬರೆದವರ ಪಂಗಡಕ್ಕೆ ಒಂದು ಅಂಕ. ಅಬ್ಬಾ, ಏನು ಗಲಾಟೆ! ಓದು ಅಂದರೆ ಹೊಟ್ಟೆನೋವು ಬರುತ್ತಿದ್ದವರೆಲ್ಲ ಬಸ್‌ಸ್ಟಾಪಿನಲ್ಲಿ ನಿಂತು ಪದ ಉರುಹೊಡೆಯತೊಡಗಿದರು. ಹೆಡ್ಮಾಸ್ಟರು ಕಿಟಕಿಯಲ್ಲಿ ನಿಂತು ನೋಡಿ ಮೆಚ್ಚಿದರು. ನಾನು ಉಬ್ಬಿಹೋದೆ.

ಆ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ನಿಧಾನಸ್ಥೆ. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರೆ ಗೊತ್ತಿದ್ದದ್ದೂ ಮರೆತುಹೋಗುವುದು. ಅವಳ ಸರದಿ ಬಂದಾಗಲೆಲ್ಲ ಅವಳ ಪಂಗಡಕ್ಕೆ ಅಂಕ ತಪ್ಪುತ್ತಿತ್ತು. ಒಂದು ದಿನ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಹೋಗಿ, ಕೊನೆಗೆ ಅವಳೊಬ್ಬಳೇ ನಡುವೆ ನಿಂತಳು. ನಮಗೆ ಬೇಡ ಎಂದ ಒಬ್ಬ. ನಮಗೂ ಬೇಡ ಎಂದಳು ಇನ್ನೊಬ್ಬಳು. ಪೀರಿಯಡ್ ಮುಗಿಯುತ್ತ ಬಂದಿತ್ತು, ನನಗೆ ರೇಗಿತು.

"ಯಾರಾದ್ರೂ ಒಬ್ರು ತಗೊಂಡು ಸಾಯ್ರೋ," ಅಂದೆ.

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮರುದಿನದಿಂದ ಅವಳು ಬರಲಿಲ್ಲ. ಕೇಳಿದರೆ ಮಕ್ಕಳು, ಮನೇಲಿ ಹುಳು ಮಿಸ್, ಅಂದರು. ಮನೆಮನೆಯಲ್ಲೂ ರೇಷ್ಮೆಹುಳು ಸಾಕುವ ಊರದು. ಹುಳು ಅಂದರೆ ಯಾವ ಮೇಷ್ಟರೂ ಮರುಮಾತಾಡುವುದಿಲ್ಲ. ವಾರ ಕಳೆದ ಮೇಲೆ ಅವಳ ಪಕ್ಕದ ಮನೆಯ ಹುಡುಗಿ ಮೆಲ್ಲಗೆ ಬಂದು, ಅವರ ಮನೆಯಲ್ಲಿ ಈ ಸಲ ಹುಳುವೇ ಇಲ್ಲವೆಂದೂ, ಅವಳು ದಿನಾ ಬೇರೆಯವರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಾಳೆಂದೂ ಹೇಳಿದಳು. ಹೀಗೆ ಬಿಟ್ಟವರು ಮತ್ತೆ ಶಾಲೆಯ ಕಡೆ ತಲೆಹಾಕದ್ದನ್ನು ನಾನು ಕಂಡಿದ್ದೆ.

ಸಂಜೆಯ ಬಸ್ಸು ಬಿಟ್ಟು ಹುಡುಕಿಕೊಂಡು ಹೋದೆ. ಯಾರದೋ ಹುಳುಮನೆಯಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟುವ ಹದಕ್ಕೆ ಬಂದಿತ್ತು. ಹಣ್ಣಾದ ಹುಳುವನ್ನು ಆಗಿಂದಾಗ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ಸೊಪ್ಪಿನಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತದೆ. ಅದಕ್ಕೇ ಅಕ್ಕಪಕ್ಕದವರೆಲ್ಲ ಮುಯ್ಯಾಳಿಗೆ ಬಂದಿದ್ದರು. ಇವತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು. ಹುಡುಗಿ ತಾಯಿಯ ಪಕ್ಕ ಕೂತು ಆರಿಸುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಇಂಗ್ಲಿಷ್ ಬರ್ದೇ ಇರೋರು ಬೇಡ ಅಂದ್ರಂತಲ್ಲ ಮೇಡಂ," ಎಂದಳು ತಾಯಿ. ಕೋಪವೇ ಇರಲಿಲ್ಲ ಆ ದನಿಯಲ್ಲಿ. "ಹೇಳ್ಕೊಡಣ ಅಂದ್ರೆ ಮನೇಲಿ ಯಾರಿಗೂ ಬರಲ್ಲ."

ನಾನು ಅಲ್ಲೇ ಕುಕ್ಕರಿಸಿದೆ. ಹುಳು ಕಂಡರೆ ಮೈ ಜುಮ್ಮೆನ್ನುವ ನಾನು ಹುಳುವಿನ ಒಂದು ತಟ್ಟೆ ಎಳೆದುಕೊಂಡೆ. ಹಣ್ಣಾದದ್ದು ಯಾವುದು, ಆಗದ್ದು ಯಾವುದು ನನಗೆಲ್ಲಿ ತಿಳಿಯಬೇಕು! ನಾನು ತಪ್ಪಾಗಿ ಆರಿಸಿದ್ದನ್ನೆಲ್ಲ ಹುಡುಗಿ ಸೊಪ್ಪಿಗೆ ವಾಪಸು ಬಿಡುತ್ತಿದ್ದಳು. ತಮ್ಮ ಪಾಲು ಮುಗಿಸಿದವರು ಒಬ್ಬೊಬ್ಬರಾಗಿ ಬಂದು ನನ್ನ ತಟ್ಟೆಯ ಸುತ್ತ ಕೂತರು. ಟೀಚರಮ್ಮನ ಕೈ ಚುರುಕಿಲ್ಲ ಎಂದು ಯಾರೂ ಆಡಿಕೊಳ್ಳಲಿಲ್ಲ.

"ತಪ್ಪು ನಂದು ಕಣಮ್ಮ," ಎಂದೆ ಎಲ್ಲರ ಮುಂದೆ. "ನಾನು ಹಂಗನ್ನಬಾರ್ದಿತ್ತು. ಬಾ ಸ್ಕೂಲಿಗೆ."

ಅವಳು ನಾನು ಆರಿಸಿದ ಇನ್ನೊಂದು ಹುಳುವನ್ನು ಸೊಪ್ಪಿಗೆ ವಾಪಸು ಬಿಟ್ಟಳು.

ಎರಡು ದಿನ ಬಿಟ್ಟು ಬಂದಳು. ಬಾಗಿಲ ಪಕ್ಕ, ಎದ್ದುಹೋಗಲು ಅನುಕೂಲವಾಗುವ ಹಾಗೆ ಕೂತಳು. ಓಟ ನಿಲ್ಲಿಸಿದೆ. ಗೆಲ್ಲುತ್ತಿದ್ದವರು ಮುಖ ಊದಿಸಿಕೊಂಡರು, ಊದಿಸಿಕೊಳ್ಳಲಿ ಎಂದುಕೊಂಡೆ. ಹೊಸ ಆಟದಲ್ಲಿ ಪ್ರತಿಯೊಬ್ಬರೂ ಮನೆಯ ಒಂದು ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆದು ತರಬೇಕು. ಚೀಟಿ ಎತ್ತಿದವರು ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಪದ ಬಂದವರು ಬಾರದವರ ಪಕ್ಕ ಹೋಗಿ ಕೂತು ನೆನಪು ಮಾಡಿಕೊಡಬೇಕು. ಕೊನೆಯವರು ಹೇಳುವವರೆಗೆ ಆಟ ಮುಗಿಯುವುದಿಲ್ಲ. ಮೊದಮೊದಲು ಸಪ್ಪೆಯಾಯಿತು. ಆಮೇಲೆ ಹಿಡಿಸಿತು. ಹುಡುಗಿ ಮಾತ್ರ ಪಿಸುದನಿಯಲ್ಲಿ ಹೇಳಿ ಕೂತುಬಿಡುತ್ತಿದ್ದಳು. ಇವತ್ತು ಬಂದಳು, ನಾಳೆ ಬರುತ್ತಾಳೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಬಾಗಿಲ ಕಡೆ ನೋಡುತ್ತಿದ್ದೆ.

ಒಂದು ದಿನ ಮಕ್ಕಳು, ನೀವೂ ಚೀಟಿ ಎತ್ತಿ ಎಂದು ದುಂಬಾಲು ಬಿದ್ದರು. ಎತ್ತಿದೆ. 'ಮೊರ' ಎಂದಿತ್ತು. ಅಕ್ಕಿ ಕೇರುವ ಮೊರ. ದಿನಾ ಮನೆಯಲ್ಲಿ ಕಣ್ಣಿಗೆ ಬೀಳುವ ಮೊರ. ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳಿಗೆ ಆ ಪದ ಬರಲಿಲ್ಲ. ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಬಾಗಿಲ ಪಕ್ಕದಿಂದ ಅವಳು ಎದ್ದಳು. "ನಗಬೇಡ್ರೋ," ಎಂದಳು, ಇಡೀ ತರಗತಿಗೆ ಕೇಳುವ ಹಾಗೆ. "ಎಲ್ಲಾರೂ ನೋಡ್ತಿದ್ರೆ ಗೊತ್ತಿರೋದೂ ಬರಲ್ಲ."

ಅವಳು ಬಂದು ನನ್ನ ಪಕ್ಕ ಕೂತಳು. ಊಟದ ಗಂಟೆ ಹೊಡೆಯಿತು. ಹೊರಗೆ ಬೇರೆ ತರಗತಿಯವರು ತಟ್ಟೆ ಹಿಡಿದು ಓಡುತ್ತಿದ್ದರು. ಕೊನೆಯವಳು ನಾನಿನ್ನೂ ಹೇಳಿರಲಿಲ್ಲ, ನಮ್ಮಲ್ಲಿ ಒಬ್ಬರೂ ಏಳಲಿಲ್ಲ.