ಅಣ್ಣನಿಗೆ ತೆಗೆದ ಕುಣಿ

ನನ್ನ ಅಣ್ಣನ ಕಿವಿಗಳು ಮುಂದಕ್ಕೆ ಬಾಗಿಕೊಂಡಿದ್ದವು. ಸಿಟ್ಟು ಬಂದರೆ ಮುಖಕ್ಕಿಂತ ಮೊದಲು ಅವೇ ಕೆಂಪಾಗುತ್ತಿದ್ದವು. ನಮ್ಮೂರ ಶಾಲೆಯಲ್ಲಿ ತೂಗುಹಾಕಿರುವ ಅವನ ಚಿತ್ರದಲ್ಲಿ ಆ ಕಿವಿಗಳನ್ನು ತಿದ್ದಿ ತಲೆಗೆ ಅಂಟಿಸಿಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಅದಕ್ಕೆ ಹಾರ ಹಾಕಿ, "ನಗುನಗುತ್ತ ಪ್ರಾಣ ಕೊಟ್ಟ ವೀರ" ಎಂದು ಭಾಷಣ ಮಾಡುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತು ನಾನು ತುಟಿ ಕಚ್ಚಿಕೊಳ್ಳುತ್ತೇನೆ. ಅವನು ಹೋದದ್ದು ನಸುಕಿನಲ್ಲಿ. ಬೆಳಗಿನ ಚಹಾ ಹೊಟ್ಟೆಗೆ ಇಳಿಯುವ ಮೊದಲು ಅವನು ನಕ್ಕದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ.

ಹಂಸಭಾವಿ ಹತ್ತಿರದ ನಮ್ಮ ಹಳ್ಳಿಯಿಂದ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗಿ ಎಂ.ಎಸ್ಸಿ. ಮುಗಿಸಿದವರಲ್ಲಿ ಅವನೇ ಮೊದಲಿಗ. ಊರೆಲ್ಲ ಪೇಢೆ ಹಂಚಿದ ಅವ್ವನಿಗೆ, ವಾರ ಕಳೆಯುವುದರೊಳಗೆ ವಾಯುಪಡೆಗೆ ಸೇರುತ್ತೇನೆಂದು ಹೇಳಿದ.

"ಹಾನಗಲ್ಲಾಗ ಲೆಕ್ಚರರ್ ಆಗಿ ಮನಿ ಬುತ್ತಿ ಕಟಗೊಂಡು ಹೋಗು ಅಂದ್ರ, ಗಾಳ್ಯಾಗ ಹಾರ್ತೇನಿ ಅಂತೀಯಲ್ಲೋ!"

"ನಮ್ಮೂರ ಬಸ್ಸಿಗಿಂತ ಅದ ಚಲೋ ಬೇ ಅವ್ವಾ. ಪಂಕ್ಚರ್ ಆಗೂದಿಲ್ಲ."

ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಅವನು ಗೆದ್ದ.

ರಜೆಗೆ ಬಂದಾಗ ನನ್ನ ಬೆನ್ನು ಹತ್ತುತ್ತಿದ್ದ. ಚಳಿಗಾಲಕ್ಕೆ ಉಣ್ಣೆ ಬಟ್ಟೆ ಮಾರುವ ಉತ್ತರದವರು ಹಾನಗಲ್ ಪೇಟೆಗೆ ಬಂದರೆ, ನನ್ನನ್ನು ಮುಂದೆ ನೂಕಿ ಹಿಂದಿಯಲ್ಲಿ ಚೌಕಾಶಿ ಮಾಡಿಸುತ್ತಿದ್ದ. ಶಬ್ದ ಸಿಗದೆ ಅವನತ್ತ ತಿರುಗಿದರೆ, "ನನ್ನ ಮಾರಿ ಏನ್ ನೋಡ್ತಿ? ನಾ ಸ್ವೆಟರ್ ಮಾರಾಕತ್ತೇನೇನು?" ಎನ್ನುತ್ತಿದ್ದ. ಇವತ್ತು ಹಿರೇಕೆರೂರಿನ ಶಾಲೆಯೊಂದರಲ್ಲಿ ಹಿಂದಿ ಕಲಿಸಿ ನಾನು ಅನ್ನ ಉಣ್ಣುತ್ತಿರುವುದು ಆ ಕಾಟದಿಂದಲೇ.

ಯುದ್ಧ ಶುರುವಾದಾಗ ಅವನು ಗಡಿಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಗಾಯಗೊಂಡ ಸೈನಿಕರನ್ನು ಕರೆತರಲು ಹೋದ ಹೆಲಿಕಾಪ್ಟರು ಬೆಟ್ಟದ ಮೇಲೆ ಉರಿದು ಬಿತ್ತು.

ಅವನನ್ನು ವಿಮಾನದಲ್ಲಿ ಹುಬ್ಬಳ್ಳಿಗೆ ತಂದು, ಅಲ್ಲಿಂದ ಮಿಲಿಟರಿ ಲಾರಿಯಲ್ಲಿ ಊರಿಗೆ ಕಳಿಸಿದರು. ಶಿಗ್ಗಾಂವಿ ದಾಟಿದರಂತೆ, ಹಾನಗಲ್ಲಿಗೆ ಬಂದರಂತೆ ಎಂದು ಫೋನು ಬರುತ್ತಲೇ ಇತ್ತು. ಒಂದೊಂದು ಫೋನಿಗೂ ಅವ್ವ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರೇತನ ಕಾಕಾನದು. ಅವನು ಬೆಳಿಗ್ಗೆಯೇ ಹೊಲದಲ್ಲಿ ಕುಣಿ ತೆಗೆಸಿದ್ದ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕಾಲು ಮಡಿಸಿ ಕುಳ್ಳಿರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮುಚ್ಚುತ್ತೇವೆ. ಹಾಗಾಗಿ ಕುಣಿ ಎಂದಿನಂತೆ ಚೌಕಾಗಿ, ಆಳವಾಗಿತ್ತು. ಬರುವವನು ಪೆಟ್ಟಿಗೆಯಲ್ಲಿ ಬರುತ್ತಾನೆಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಬಾವುಟ ಹೊದಿಸಿದ ಉದ್ದನೆಯ ಪೆಟ್ಟಿಗೆಯನ್ನು ಕುಣಿಯ ಪಕ್ಕದಲ್ಲಿಟ್ಟರು. ಎಲ್ಲರೂ ಒಮ್ಮೆ ಕುಣಿ ನೋಡಿದರು, ಒಮ್ಮೆ ಪೆಟ್ಟಿಗೆ ನೋಡಿದರು.

"ಪೆಟಿಗಿ ತೆಗಿಯಾಕ ಹೇಳು ಯವ್ವಾ. ಹುಡುಗನ್ನ ಕುಂಡ್ರಸಬೇಕು" ಎಂದ ಕಾಕಾ ನನ್ನತ್ತ ತಿರುಗಿ.

ಜೊತೆಗೆ ಬಂದ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ತೆಗೆಯುವಂತಿಲ್ಲ, ಹಾಗೆ ಆದೇಶವಿದೆ ಎಂದರು. ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಹಿಂದಿನಿಂದ ಯಾರೋ ಕೂಗಿದರು: "ನಮ್ಮ ಮಗನ ಮಾರಿ ನೋಡಾಕ ಇವ್ರ ಪರವಾನಿಗಿ ಯಾಕ ಬೇಕ್ರಿ?" ಜನ ಒತ್ತಿಕೊಂಡು ಬಂದರು. ಸೈನಿಕರು ಬಂದೂಕು ಹಿಡಿದು ಪೆಟ್ಟಿಗೆಯ ಸುತ್ತ ನಿಂತರು. ಕಾಕಾ ಮಣ್ಣಿನ ರಾಶಿಯಲ್ಲಿ ನೆಟ್ಟಿದ್ದ ಹಾರೆಯನ್ನು ಕಿತ್ತುಕೊಂಡ. ಸಾವಿನ ಮನೆಯಲ್ಲಿ ಇನ್ನೊಂದು ಸಾವು ಆಗುತ್ತದೆಂದು ಹೆದರಿದೆ.

ಅಧಿಕಾರಿ ನನ್ನನ್ನು ಬದಿಗೆ ಕರೆದರು. ನಾನು ತೀರಿಕೊಂಡವನಿಗೆ ಏನಾಗಬೇಕೆಂದು ಕೇಳಿ, ದನಿ ತಗ್ಗಿಸಿ ಹೇಳಿದರು: "ಕೂರಿಸುವಂಥದ್ದು ಒಳಗೆ ಏನೂ ಉಳಿದಿಲ್ಲ, ತಂಗಿ. ನಿಮ್ಮ ತಾಯಿಗೆ ಹೇಳಬೇಡಿ."

ಹೇಳದಿದ್ದರೆ ಕಾಕಾನ ಹಾರೆ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಆಗ ಅವ್ವ ಕಣ್ಣಾರೆ ನೋಡುತ್ತಿದ್ದಳು. ಆ ಗಳಿಗೆಯಲ್ಲಿ ನನಗೆ ಸಿಟ್ಟು ಬಂದದ್ದು ಅಣ್ಣನ ಮೇಲೆ. ನೀನು ಎಲ್ಲ ಕಲಿಸಿದೆ, ಇಂಥ ಮಾತು ಹೇಳುವುದು ಹೇಗೆಂದು ಕಲಿಸಲಿಲ್ಲವಲ್ಲ ಎಂದುಕೊಂಡೆ. ಪೆಟ್ಟಿಗೆಯ ಮೇಲೆ ಕೈಯಿಟ್ಟು ಕುಳಿತಿದ್ದ ಅವ್ವನ ಎದುರು ಕುಕ್ಕರಗಾಲಿನಲ್ಲಿ ಕುಳಿತೆ.

"ತೆಗಿಯೂದು ಬ್ಯಾಡ ಬೇ. ಅಣ್ಣನ್ನ ಕುಂಡ್ರಸಾಕ ಬರೂದಿಲ್ಲ."

ಅವ್ವ ನನ್ನನ್ನೇ ನೋಡಿದಳು. "ಮಾರಿ ಐತೇನು?"

"ಇಲ್ಲ."

ಅವಳು ಅಳಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಕಾಕಾನ ಎದುರು ಹೋಗಿ ನಿಂತಳು. "ತಮ್ಮಾ, ಆ ಹಾರಿ ಪೆಟಿಗಿಗಿ ಬ್ಯಾಡ, ಕುಣಿಗಿ ಹಾಕು. ಉದ್ದ ಮಾಡ್ರಿ. ದಣದು ಬಂದಾನ, ಮಲಗ್ಲಿ."

ಕಾಕಾ ಅಳುತ್ತ ಅಗೆದ. ಇಬ್ಬರು ಸೈನಿಕರು ಬಂದೂಕನ್ನು ಜೊತೆಗಾರರ ಕೈಗೆ ಕೊಟ್ಟು ಸಲಿಕೆ ಹಿಡಿದರು. ಮಠದ ಅಜ್ಜಾರು ಲಿಂಗವನ್ನು ಪೆಟ್ಟಿಗೆಯ ಮೇಲೆ, ಕೈ ಇರಬೇಕಾದ ಜಾಗದಲ್ಲಿ ಇಟ್ಟರು.

ಶಾಸ್ತ್ರ ಕೆಟ್ಟಿತೆಂದು ಆಮೇಲೆ ಊರಲ್ಲಿ ಗುಸುಗುಸು ನಡೆಯಿತು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಅವ್ವ ಯಾರಿಗೂ ಉತ್ತರ ಕೊಡಲಿಲ್ಲ. ಆದರೆ ಅವಳ ಎದೆಯಲ್ಲಿ ಅದು ಕುದಿಯುತ್ತಲೇ ಇತ್ತೆಂದು ನಮಗೆ ತಿಳಿದದ್ದು ಹೋದ ವರ್ಷ, ಅವಳು ಹಾಸಿಗೆ ಹಿಡಿದಾಗ. ನನ್ನನ್ನೂ ಕಾಕಾನನ್ನೂ ಹತ್ತಿರ ಕರೆದಳು.

"ನನ್ನ ಅವನ ತಲಿ ಕಡೆ ಕುಂಡ್ರಸ್ರಿ. ಮಲಗಿದ ಹುಡುಗನ ಹತ್ತರ ಯಾರರ ಕುಂತಿರಬೇಕಲ್ಲ."

ಕಾಕಾ ತಾನೇ ನಿಂತು ಚೌಕಾಗಿ ಕುಣಿ ತೆಗೆಸಿದ. ಅವ್ವನ ಮುಖವನ್ನು ಅಣ್ಣನ ಕಡೆಗೆ ಮಾಡಿ ಕುಳ್ಳಿರಿಸಿದೆವು.