ಟಗರಿಗೆ ಕೊಟ್ಟು ನೋಡಿದ ಗುಳಿಗೆ

ನನ್ನ ತಮ್ಮ ಮಲ್ಲಯ್ಯನಿಗೆ ಅಕ್ಷರ ಬರದು, ಕುರಿಯ ಮುಖ ಬರುತ್ತದೆ. ಪೆದ್ದಕಡುಬೂರಿನ ನಮ್ಮ ದೊಡ್ಡಿಯಲ್ಲಿ ಸಂಜೆ ಮರಿ ಬಿಡುವುದು ಮೊದಲಿನಿಂದಲೂ ಅವನ ಕೆಲಸ. ಮೇಯಲು ಹೋದ ಕುರಿಗಳು ಬಂದ ಕೂಡಲೇ ಒಂದೊಂದೇ ಮರಿಯನ್ನು ಎತ್ತಿ, ಅದರದರ ತಾಯಿಯ ಕೆಚ್ಚಲಿಗೆ ಹಿಡಿಯಬೇಕು. ತಪ್ಪಿದರೆ ಕುರಿ ಗುದ್ದುತ್ತದೆ. ನನಗೆ ಕರಿ ಮರಿಗಳೆಲ್ಲ ಒಂದೇ. ಅವನಿಗೆ ಒಂದೊಂದರ ಮೂಗೂ ಬೇರೆ. ನಮ್ಮಪ್ಪ ಸತ್ತ ದಿನವೂ ಮರಿ ಬಿಟ್ಟು ಬಂದು ಆಮೇಲೆ ಅತ್ತ.

ಹೋದ ದೀಪಾವಳಿ ಹೊತ್ತಿಗೆ ಒಂದು ಮರಿಯನ್ನು ಬೇರೆ ಕುರಿಗೆ ಹಿಡಿದ. ಗುದ್ದು ಅವನ ಮೊಣಕಾಲಿಗೇ ಬಿತ್ತು. ಕೆಲವು ದಿನ ಬಿಟ್ಟು ಮತ್ತೆ ಹಾಗೇ ಆಯಿತು.

“ಅಪ್ಪಾ, ಹಿಂಗಾದ್ರ ಯುಗಾದಿಗೆ ಕುರಿ ಮಾರಿಬಿಡೋಣು” ಅಂದ ಅವನ ಮಗ ಶಿವಕೃಷ್ಣ.

ಮಲ್ಲಯ್ಯ ಅವತ್ತು ಊಟ ಮಾಡಲಿಲ್ಲ.

ಆದೋನಿಯಲ್ಲಿ ಮೈಕು ಕಟ್ಟಿದ ವ್ಯಾನಿನವನೊಬ್ಬ ವಯಸ್ಸಾದವರ ಗುಂಡಿಗೆಗೂ ಮಿದುಳಿಗೂ ಎಂದು ಒಂದು ಗುಳಿಗೆ ಮಾರುತ್ತಿದ್ದ. ಮಲ್ಲಯ್ಯನ ಹೆಂಡತಿ ಭೀಮಕ್ಕ ಒಂದು ಡಬ್ಬಿ ತಂದಳು. ನಮ್ಮಲ್ಲಿ ಹೊಸ ಔಷಧ ಬಂದರೆ ಮೊದಲು ಟಗರಿಗೆ ಹಾಕಿ, ಅದು ತಡೆದುಕೊಂಡರೆ ಹಿಂಡಿಗೆ ಹಾಕುತ್ತೇವೆ. ಮಲ್ಲಯ್ಯ ಇದಕ್ಕೂ ಅದೇ ಮಾಡಿದ. ಬೆಲ್ಲದಲ್ಲಿ ಇಟ್ಟು ಟಗರಿಗೆ ತಿನ್ನಿಸಿದ. ಮರುದಿನ ಅದು ಬೇಲಿ ಮುರಿಯಿತು.

“ನೋಡಕ್ಕಾ, ಹೆಂಗ ಚುರುಕಾಗೈತಿ!”

“ನಿನ್ನೇನೂ ಮುರದಿತ್ತಲ್ಲೋ.”

“ನಿನ್ನೆ ಇಷ್ಟು ಮನಸಿಟ್ಟು ಮುರದಿದ್ದಿಲ್ಲ.”

ಅಂದಿನಿಂದ ಆ ಗುಳಿಗೆ ಶುರು ಮಾಡಿ, ಆಸ್ಪತ್ರೆಯವರು ಕೊಟ್ಟ ಬಿಪಿ ಗುಳಿಗೆ ಬಿಟ್ಟ. “ಒಂದು ಹಿಂಡಿಗೆ ಇಬ್ಬರು ಕಾಯೋರು ಯಾಕ?” ಅಂದ. ಭೀಮಕ್ಕನಿಗೂ ಅದು ಸರಿ ಕಂಡಿತು.

ಸಂಕ್ರಾಂತಿ ಕಳೆದ ಮೇಲೆ ದೊಡ್ಡಿಯಲ್ಲಿ ಕುಸಿದು ಬಿದ್ದ. ಬಾಯಿ ಒಂದು ಕಡೆ ವಾಲಿತ್ತು. ಶಿವಕೃಷ್ಣನ ಆಟೋ ಆದೋನಿ ಮುಟ್ಟುವಷ್ಟರಲ್ಲಿ ಬಾಯಿ ನೆಟ್ಟಗಾಗಿ, ಆಟೋ ಓಡಿಸುತ್ತಿದ್ದ ಮಗನನ್ನೇ ಬೈಯುತ್ತಿತ್ತು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಡಬ್ಬಿಯನ್ನು ತಿರುಗಿಸಿ ನೋಡಿದಳು.

“ತಾತಾ, ಇದರಿಂದ ನೆನಪು ಬರತೈತಿ ಅಂತ ನಾನಂತೂ ಹೇಳಾಕಿಲ್ಲ. ಬಿಪಿ ಗುಳಿಗಿ ಬಿಟ್ಟಿದ್ದಕ್ಕ ಗುಂಡಿಗಿ, ಮಿದುಳು ಎರಡಕ್ಕೂ ಅಪಾಯ ತಂದುಕೊಂಡಿ.”

“ಟಗರಿಗೆ ಚಲೋ ಆತಲ್ರೀ ಅಮ್ಮಾ.”

“ಟಗರಿಗೆ ಬಿಪಿ ಇತ್ತೇನು?”

ಮಲ್ಲಯ್ಯ ಸ್ವಲ್ಪ ಯೋಚಿಸಿದ. “ನೋಡಿಸಿದ್ದಿಲ್ಲರಿ.” ಆಮೇಲೆ ಮೆಲ್ಲಗೆ ಕೇಳಿದ: “ಹೋಗಿದ್ದು ತಿರುಗಿ ಬರತೈತೇನ್ರೀ?”

“ಮಾತು ಕೊಡಾಕಾಗಲ್ಲ. ಇರೋದನ್ನ ಕಾಯೋಣು.”

ಈಗ ಬಿಪಿ ಗುಳಿಗೆ ನುಂಗಿ, ಬಾಯಿ ತೆರೆದು ಭೀಮಕ್ಕನಿಗೆ ತೋರಿಸಬೇಕು. ಆಸ್ಪತ್ರೆಯಿಂದ ಬಂದ ಸಂಜೆ ಮರಿ ಬಿಡಲು ಶಿವಕೃಷ್ಣ ಹೊರಟಾಗ, ಮಲ್ಲಯ್ಯ ಅವನನ್ನು ಕೈಯಲ್ಲೇ ತಡೆದ. ಒಂದು ಕರಿ ಮರಿಯನ್ನು ಎತ್ತಿದ. ನೋಡಿದ. ನೋಡುತ್ತಲೇ ನಿಂತ. ಆಮೇಲೆ ಅದನ್ನು ಯಾವ ಕೆಚ್ಚಲಿಗೂ ಹಿಡಿಯದೆ ಕುರಿಗಳ ನಡುವೆ ನೆಲಕ್ಕೆ ಬಿಟ್ಟ. ಒಂದು ಕುರಿ ಮೂಸಿ ದೂಡಿತು. ಇನ್ನೊಂದು ಬಾಲ ಮೂಸಿ ನಿಂತುಕೊಂಡಿತು.

“ಇದರದು” ಅಂದ ಮಲ್ಲಯ್ಯ.

“ಹಿಂಗ ಮಾಡಿದ್ರ ಬಾಳ ಹೊತ್ತು ಹಿಡಿತೈತಲ್ಲಪ್ಪಾ!”

“ಹಿಡೀಲಿ. ನಿನಗೇನು ಆದೋನಿ ಬಸ್ಸು ತಪ್ಪತೈತೇನು?”

ಯುಗಾದಿ ಬಂದು ಹೋಯಿತು. ಶಿವಕೃಷ್ಣ ಮಾರುವ ಮಾತು ಎತ್ತಲಿಲ್ಲ. ಮರಿಗಳು ಈಗ ದೀಪ ಹಚ್ಚಿದ ಮೇಲೂ ಹಾಲು ಕುಡಿಯುತ್ತಿರುತ್ತವೆ.